ನಾನೇ ಬರೆದುಕೊಂಡ ಅಳತೆ

ಅವರು ಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕುಡಿಯುವ ನೀರಿನ ಬಾಟಲಿಯಿಂದ ಅದರ ಮೈಮೇಲೆ ನೀರು ಚಿಮುಕಿಸುತ್ತಿದ್ದರು. ಆಮೇಲೆ ಏನೂ ಮಾಡುತ್ತಿರಲಿಲ್ಲ. ಸ್ಯಾನ್ ಡಿಯೇಗೋದ ಪೂರ್ವಕ್ಕಿರುವ ಒಣಗುಡ್ಡಗಳ ಬಿಸಿಲಿನಲ್ಲಿ ಐದಾರು ನಿಮಿಷ ಸುಮ್ಮನೆ ಕೂತಿರುತ್ತಿದ್ದರು. ಬಂಡೆಯ ಮೈ ಬೇಗ ಆರುತ್ತಿತ್ತು. ಬಿರುಕು ಇದ್ದಲ್ಲಿ ಮಾತ್ರ ತೇವ ಉಳಿದು, ಕಣ್ಣಿಗೆ ಕಾಣದಿದ್ದ ಸೀಳುಗಳೆಲ್ಲ ಕಪ್ಪು ಗೆರೆಗಳಾಗಿ ಮೂಡುತ್ತಿದ್ದವು.

"ನೋಡು, ಕೇಳಿದ್ರೆ ಹೇಳುತ್ತೆ. ನಾವು ಕೇಳಲ್ಲ ಅಷ್ಟೇ," ಅನ್ನುತ್ತಿದ್ದರು.

ಅವರು ತೀರಿಕೊಂಡು ಒಂದೂವರೆ ವರ್ಷವಾಗಿದೆ. ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಅವರ ಹೆಂಡತಿ, "ಬರಿಯಮ್ಮ, ಆದ್ರೆ ಹೆಸರು ಹಾಕ್ಬೇಡ. ಅವರಿಗೆ ಮುಜುಗರ ಆಗೋದು," ಎಂದರು. ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ನಾನು ಅವರನ್ನು ಮೊದಮೊದಲು ಸರ್ ಎನ್ನುತ್ತಿದ್ದೆ, ಆಮೇಲೆ ಅಂಕಲ್ ಎನ್ನತೊಡಗಿದೆ.

ತುಮಕೂರಿನಿಂದ ಬಂದು ಇಲ್ಲಿ ಎಂ.ಎಸ್. ಮುಗಿಸಿದ ನಾನು ೨೦೨೦ರ ಶುರುವಿನಲ್ಲಿ ಲಾಂಗ್ ಬೀಚ್‌ನ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿಗೆ ಸೇರಿದೆ. ಅಂತರ್ಜಲದ ಲೆಕ್ಕ ನಮ್ಮ ಕೆಲಸ. ಎಲ್ಲಿ ಬೋರ್‌ವೆಲ್ ಕೊರೆದರೆ ಯಾರ ಬಾವಿ ಎಷ್ಟು ಇಳಿಯುತ್ತದೆ ಎಂದು ಹೇಳಬೇಕು. ಅವರು ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದರು. ಮೂಲ ಮೈಸೂರು. ಅಮೆರಿಕಕ್ಕೆ ಬರುವ ಮೊದಲು ಕೋಲಾರದ ಕಡೆ ಸರ್ಕಾರಿ ಕೆಲಸದಲ್ಲಿದ್ದು, ಹಳ್ಳಿಹಳ್ಳಿ ತಿರುಗಿ ಬೋರ್‌ವೆಲ್‌ಗೆ ಪಾಯಿಂಟ್ ತೋರಿಸಿದವರು. ಮೊದಲ ದಿನ ನನ್ನ ಹೆಸರು, ಊರು ಕೇಳಿ, ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಮೀಟಿಂಗಿನ ನಡುವೆಯೇ, "ತುಮಕೂರಲ್ಲಿ ಎಲ್ಲಮ್ಮ?" ಎಂದರು. ಸುತ್ತಲಿದ್ದವರು ನಮ್ಮಿಬ್ಬರ ಮುಖ ನೋಡಿದರು. ನನಗೆ ಒಂಚೂರು ಸಂಕೋಚವಾಯಿತು, ಅವರಿಗೆ ಆಗಲಿಲ್ಲ.

ಎರಡು ತಿಂಗಳಿಗೆ ಕೋವಿಡ್ ಬಂದು ಆಫೀಸು ಮುಚ್ಚಿತು. ಸೈಟಿಗೆ ಹೋಗಬೇಕಾದಾಗ ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಹೋಗಬೇಕಿತ್ತು. ಅವರು ಸೆರಿಟೋಸ್‌ನಿಂದ ಹೊರಡುತ್ತಿದ್ದರು, ನಾನು ಲಾಂಗ್ ಬೀಚ್‌ನಿಂದ. ಫ್ರೀವೇ ಹತ್ತಿದ ಕೂಡಲೇ ಅವರ ಫೋನ್ ಬರುತ್ತಿತ್ತು. ಸ್ಯಾನ್ ಡಿಯೇಗೋ ಮುಟ್ಟುವವರೆಗೂ ಸ್ಪೀಕರಿನಲ್ಲಿ ಮಾತು. ಬೋರ್‌ವೆಲ್ ರಿಗ್ಗಿನವರ ಕಥೆ, ಮೈಸೂರಿನ ಬೇಕರಿಗಳ ಕಥೆ, ಮುಂದೆ ಹೋಗುತ್ತಿರುವ ಲಾರಿಯವನ ಮೇಲೆ ದೂರು. ಎರಡು ಕಾರುಗಳ ನಡುವೆ ಹತ್ತು ಮೈಲಿ ಇದ್ದರೂ, "ಬಲಗಡೆ ನೋಡು, ಸಮುದ್ರ ಏನ್ ಚೆನ್ನಾಗಿದೆ," ಎನ್ನುತ್ತಿದ್ದರು. ನನ್ನ ಬಲಗಡೆ ಆಗ ಯಾವುದೋ ಗೋದಾಮು ಇರುತ್ತಿತ್ತು. ಇದಲ್ಲದೆ ಮಧ್ಯಾಹ್ನಕ್ಕೆ ಆಂಟಿ ಕಟ್ಟಿಕೊಟ್ಟ ಪುಳಿಯೋಗರೆಯಲ್ಲಿ ನನಗೂ ಒಂದು ಡಬ್ಬಿ. ಅದನ್ನು ತಂದು ನನ್ನ ಕಾರಿನ ಬಾನೆಟ್ ಮೇಲಿಟ್ಟು, ಆರು ಅಡಿ ಹಿಂದೆ ಸರಿದು ನಿಂತು, "ತಗೋ" ಎನ್ನುತ್ತಿದ್ದರು. ಬಿರುಕುಗಳ ದಿಕ್ಕನ್ನು ಅಳೆಯುವ ಕಂಪಾಸಿನಲ್ಲೇ ಕಿಬ್ಲಾ, ಅಂದರೆ ಮೆಕ್ಕಾದ ದಿಕ್ಕು, ನೋಡಿಕೊಂಡು, ಬಂಡೆಯ ನೆರಳಿನಲ್ಲಿ ಚಾಪೆ ಹಾಸಿ ನಮಾಜು ಮಾಡಿ ಬಂದು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು.

ನನ್ನ ಕೆಲಸ ಏನೆಂದು ಒಂದೆರಡು ಮಾತಿನಲ್ಲಿ ಹೇಳಬೇಕು. ನೆಲದೊಳಗಿನ ಬಂಡೆಯನ್ನು ಕಂಪ್ಯೂಟರಿನಲ್ಲಿ ಲಕ್ಷಾಂತರ ಪುಟ್ಟ ತುಂಡುಗಳಾಗಿ ಕತ್ತರಿಸುತ್ತೇವೆ. ಒಂದೊಂದು ತುಂಡಿನಲ್ಲೂ ನೀರಿನ ಒತ್ತಡ ಎಷ್ಟು, ಪಕ್ಕದ ತುಂಡಿಗೆ ಎಷ್ಟು ಹರಿಯುತ್ತದೆ ಎಂದು ಲೆಕ್ಕ ಕಟ್ಟುತ್ತೇವೆ. ಇದು ಫೈನೈಟ್ ಎಲಿಮೆಂಟ್ ವಿಧಾನ. ಆ ತುಂಡುಗಳ ಬಲೆಗೆ ಮೆಶ್ ಎಂದು ಹೆಸರು. ಮರಳು ನೆಲವಾದರೆ ಇದು ಸಲೀಸು. ಗ್ರಾನೈಟ್ ಬಂಡೆ ಹಾಗಲ್ಲ. ಅದು ತಾನಾಗಿ ನೀರು ಕುಡಿಯುವುದಿಲ್ಲ, ನೀರೆಲ್ಲ ಬಿರುಕುಗಳಲ್ಲಿ ಓಡುತ್ತದೆ. ಬಿರುಕುಗಳನ್ನೆಲ್ಲ ಒಟ್ಟುಗೂಡಿಸಿ ಇಡೀ ಬಂಡೆಯನ್ನು ಒಂದು ಸ್ಪಂಜು ಎಂದು ಭಾವಿಸಿದರೆ ಲೆಕ್ಕ ಸುಲಭ. ದೊಡ್ಡ ಬಿರುಕೊಂದನ್ನು ಬಿರುಕಾಗಿಯೇ ಬರೆಯಹೊರಟರೆ ಅದರ ಸುತ್ತ ಮೆಶ್ ಕೂದಲೆಳೆಯಷ್ಟು ಸಣ್ಣದಾಗಿ, ಲೆಕ್ಕ ದಿನಗಟ್ಟಲೆ ಓಡಿಯೂ ಉತ್ತರಕ್ಕೆ ಬಂದು ನಿಲ್ಲುವುದಿಲ್ಲ.

ಸ್ಪಂಜಿನ ಲೆಕ್ಕ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಸರಾಸರಿ ಅನ್ನೋದು ನಮಗೆ ಕಣಮ್ಮ, ನೀರಿಗಲ್ಲ. ನೀರು ದಾರಿ ನೋಡುತ್ತೆ," ಎನ್ನುತ್ತಿದ್ದರು. ಆದರೆ ನನ್ನ ಮೆಶ್‌ಗಳನ್ನು ಬಹಳ ಮೆಚ್ಚುತ್ತಿದ್ದರು. ಪರದೆಯ ಮೇಲೆ ಅದನ್ನು ತಿರುಗಿಸಿ ತಿರುಗಿಸಿ ತೋರಿಸಲು ಹೇಳಿ, "ರೇಷ್ಮೆ ಸೀರೆ ನೇಯ್ದ ಹಾಗಿದೆ," ಎಂದಿದ್ದರು.

ಆ ವರ್ಷದ ಕೊನೆಗೆ ನಮಗೆ ಒಂದು ರೆಸಾರ್ಟಿನ ಕೆಲಸ ಬಂತು. ಗುಡ್ಡದ ನಡುವೆ ಕಟ್ಟುವವರಿದ್ದರು. ಮೂರು ಬೋರ್‌ವೆಲ್ ಬೇಕು. ಆ ಭಾಗಕ್ಕೆ ನಲ್ಲಿ ನೀರು ಬರುವುದಿಲ್ಲ, ಮನೆಗಳೆಲ್ಲ ತಮ್ಮ ತಮ್ಮ ಬಾವಿಯನ್ನೇ ನೆಚ್ಚಿಕೊಂಡಿವೆ. ಹೊಸ ಬೋರ್‌ವೆಲ್ಲಿನಿಂದ ಮೂರು ದಿನ ಬಿಡದೆ ನೀರೆತ್ತಿ, ಸುತ್ತಲಿನ ಬಾವಿಗಳು ಇಳಿಯುತ್ತವೆಯೇ ಎಂದು ನಾವು ನೋಡಬೇಕಿತ್ತು. ಕಾಲು ಮೈಲಿ ದೂರದ ಬಾವಿ ಅಲ್ಲಾಡಲಿಲ್ಲ. ಒಂದು ಮೈಲಿ ಆಚೆ ಒಬ್ಬ ಹೆಂಗಸಿನ ಮನೆ. ಶಾಲಾ ಬಸ್ ಓಡಿಸಿ ನಿವೃತ್ತಿಯಾದವರು, ಒಂದು ಮುದಿ ಕುದುರೆಯ ಜೊತೆ ಒಬ್ಬರೇ ಇದ್ದರು. ಎರಡನೇ ದಿನ ಅವರ ಬಾವಿಗೆ ಮತ್ತೆ ಟೇಪ್ ಇಳಿಬಿಟ್ಟೆವು. ಟೇಪಿನ ತುದಿ ನೀರಿಗೆ ತಾಗಿದರೆ ಬೀಪ್ ಎನ್ನುತ್ತದೆ. ಆಗ ಅಡಿ ಓದಿಕೊಳ್ಳಬೇಕು.

"ಎಷ್ಟು?" ಎಂದರು ಅಂಕಲ್.

"ನಲವತ್ತಾರು ಪಾಯಿಂಟ್ ಎರಡು. ನಿನ್ನೆಗಿಂತ ನಾಲ್ಕು ಅಡಿ ಇಳಿದಿದೆ."

"ಇನ್ನೊಂದ್ಸಲ ನೋಡು."

ನೋಡಿದೆ. "ಅಷ್ಟೇ ಇದೆ ಅಂಕಲ್."

"ಟೇಪ್ ಪೂರ್ತಿ ಮೇಲಕ್ಕೆತ್ತಿ ಮತ್ತೆ ಬಿಡು. ನಂದು ಕನ್ನಡಕದ ಕಣ್ಣು. ನೀನೇ ಓದಿ ನೀನೇ ಬರ್ಕೋ."

ಮೂರು ಸಲ ಓದಿದೆ. ಅವರ ನೋಟ್‌ಬುಕ್ಕಿನಲ್ಲಿ, ನನ್ನ ಕೈಬರಹದಲ್ಲಿ, ಮೂರು ಸಲವೂ ಬರೆದೆ. ಅವರು ಗುಡ್ಡದ ಸಾಲನ್ನು ನೋಡುತ್ತಾ, "ಅಲ್ಲಿಂದ ಇಲ್ಲೀವರೆಗೂ ಒಂದೇ ಸೀಳು ಇದೆ. ಹತ್ರದ ಬಾವಿ ಅದರ ಮೇಲಿಲ್ಲ, ಇದು ಇದೆ," ಎಂದರು.

ಮನೆಗೆ ಬಂದು ಆ ಸೀಳನ್ನು ಮಾಡೆಲ್‌ನಲ್ಲಿ ಹಾಕಿ ನೋಡಿದೆ. ಲೆಕ್ಕ ಉತ್ತರಕ್ಕೆ ಬಂದು ನಿಲ್ಲಲಿಲ್ಲ. ಎರಡು ವಾರ ಒದ್ದಾಡಿದೆ. ಗಡುವು ಹತ್ತಿರ ಬಂದಿತ್ತು. ನನ್ನ ವೀಸಾಕ್ಕೆ ಕಂಪನಿ ಅಪ್ಲೈ ಮಾಡುವ ತಿಂಗಳೂ ಅದೇ. ಕೊನೆಗೆ ಸೀಳನ್ನು ತೆಗೆದುಹಾಕಿ ಸ್ಪಂಜಿನ ಲೆಕ್ಕ ಮಾಡಿದೆ. ಸೊಗಸಾಗಿ ನಿಂತಿತು. ಎಲ್ಲ ಬಾವಿಗಳೂ ಸರಿಹೊಂದಿದವು, ಆ ಹೆಂಗಸಿನ ಬಾವಿಯೊಂದನ್ನು ಬಿಟ್ಟು.

"ಒಂದೇ ಒಂದು ಪಾಯಿಂಟ್ ತಾನೇ?" ಎಂದರು ನಮ್ಮ ಮ್ಯಾನೇಜರ್. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. "ಕೈಟೇಪಿನ ಅಳತೆ ಬೇರೆ. ಅಳತೆ ಎಷ್ಟು ಸರಿಯಿದೆ, ನೀನೇ ಹೇಳು."

ನಾನು, "ಹೇಳೋಕಾಗಲ್ಲ," ಎಂದೆ.

ವಿಷಯ ತಿಳಿದು ಅಂಕಲ್ ಎರಡು ಪುಟದ ಮೆಮೊ ಬರೆದರು. ಸೀಳನ್ನು ಮಾಡೆಲ್‌ಗೆ ಸೇರಿಸಿ, ಆಗದಿದ್ದರೆ ಆ ಬಾವಿಯನ್ನು ತಿಂಗಳಿಗೊಮ್ಮೆ ಅಳೆಯುವ ಷರತ್ತನ್ನಾದರೂ ವರದಿಯಲ್ಲಿ ಹಾಕಿ ಎಂದು. ಉತ್ತರ ಬರೆಯಲು ಮ್ಯಾನೇಜರ್ ನನಗೆ ಹೇಳಿದರು. ಬರೆದೆ. ನಾಲ್ಕು ಪುಟ. ಅದರಲ್ಲಿ ಒಂದು ವಾಕ್ಯ: ಸದರಿ ಬಾವಿಯ ಅಳತೆಯು ಅಳೆದವರ ಕೈತಪ್ಪಿನಿಂದ ಆಗಿರುವ ಸಾಧ್ಯತೆ ಹೆಚ್ಚು. ಅಳೆಯಲು ಹೋದವರೆಂದು ಅದೇ ಪುಟದ ಮೇಲ್ಗಡೆ ಅಂಕಲ್ ಹೆಸರು ಅಚ್ಚಾಗಿತ್ತು. ನನ್ನ ಹೆಸರು ಅಲ್ಲಿರಲಿಲ್ಲ.

ಮಾರನೇ ದಿನ ಅಂಕಲ್ ಫೋನ್ ಬಂತು.

"ನಿನ್ನ ಮೆಮೊ ಓದ್ದೆ ಕಣಮ್ಮ. ಮೂರನೇ ಪುಟದಲ್ಲಿ ಯೂನಿಟ್ ತಪ್ಪಿದೆ. ಮೀಟರ್ ಪರ್ ಡೇ ಆಗ್ಬೇಕು, ಪರ್ ಸೆಕೆಂಡ್ ಅಂತ ಹಾಕಿದೀಯ. ಆಚೆ ಹೋಗೋಕ್ ಮುಂಚೆ ಸರಿ ಮಾಡ್ಕೋ. ನಿನ್ನ ಸಹಿ ಇದೆ ಅದರಲ್ಲಿ."

"ಸರಿ ಅಂಕಲ್."

ಅವರು ಫೋನ್ ಇಡಲಿಲ್ಲ. ಆ ಕಡೆ ಯಾವುದೋ ನಲ್ಲಿ ತಿರುಗಿಸಿದ ಸದ್ದು ಕೇಳಿತು.

"ಬೇರೆ ಏನಾದ್ರೂ ಇದ್ಯಾ?"

"ಇಲ್ಲ ಅಂಕಲ್."

"ಸರಿ ಹಾಗಾದ್ರೆ."

ನಾನು ಯೂನಿಟ್ ಸರಿಮಾಡಿದೆ. ಆ ವಾಕ್ಯವನ್ನು ಹಾಗೆಯೇ ಬಿಟ್ಟೆ. ನೋಟ್‌ಬುಕ್ ಅವರ ಬಳಿಯೇ ಇತ್ತು. ಆ ಪುಟದ ಒಂದು ಫೋಟೋ ತೆಗೆದು ಮ್ಯಾನೇಜರ್‌ಗೆ ಕಳಿಸಿದ್ದರೆ, ಅದು ಯಾರ ಅಕ್ಷರ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅವರು ಕಳಿಸಲಿಲ್ಲ.

ಆ ವಸಂತದಲ್ಲಿ ಅವರು ನಿವೃತ್ತಿ ತೆಗೆದುಕೊಂಡರು, ಅಂದುಕೊಂಡಿದ್ದಕ್ಕಿಂತ ಒಂದು ವರ್ಷ ಮೊದಲು. ಬೀಳ್ಕೊಡುಗೆ ಜೂಮ್‌ನಲ್ಲಿ, ಹದಿನೈದು ನಿಮಿಷ. ನನ್ನ ಸರದಿ ಬಂದಾಗ ಇಂಗ್ಲಿಷಿನಲ್ಲಿ, ನಿಮ್ಮಿಂದ ತುಂಬಾ ಕಲಿತೆ ಎಂದೆ. ಅವರು ಎಲ್ಲರ ಎದುರು ಕನ್ನಡದಲ್ಲೇ, "ಊಟ ತಿಂಡಿ ಸರಿಯಾಗ್ ಮಾಡ್ತಾ ಇರು," ಎಂದರು.

ರೆಸಾರ್ಟಿನ ಪರವಾನಗಿಯ ವಿಚಾರಣೆಯೂ ಜೂಮ್‌ನಲ್ಲೇ ನಡೆಯಿತು. ಸಾರ್ವಜನಿಕರು ಯಾರಾದರೂ ಎರಡು ನಿಮಿಷ ಮಾತಾಡಬಹುದಿತ್ತು. ನಿವೃತ್ತಿಯಾಗಿದ್ದರಿಂದ ಅಂಕಲ್ ಸಾರ್ವಜನಿಕರ ಸಾಲಿನಲ್ಲಿ ಕೈ ಎತ್ತಿದರು. ಕೋಟು ಹಾಕಿಕೊಂಡು ಕೂತಿದ್ದರು. ಯಾರನ್ನೂ ದೂರಲಿಲ್ಲ, ನನ್ನ ಹೆಸರೆತ್ತಲಿಲ್ಲ. ಆ ಬಾವಿ ನಾಲ್ಕು ಅಡಿ ಇಳಿದಿತ್ತು, ದಯವಿಟ್ಟು ಅದನ್ನು ಗಮನಿಸುತ್ತಿರಿ, ಅಷ್ಟೇ ಕೇಳಿದರು. ಅಧ್ಯಕ್ಷತೆ ವಹಿಸಿದ್ದವರು, ಮಾಡೆಲ್ ಮಾಡಿದವರು ಇದಕ್ಕೇನು ಹೇಳುತ್ತೀರಿ ಎಂದು ನನ್ನ ಕಡೆ ತಿರುಗಿದರು.

ನಾನು ಮೈಕ್ ಆನ್ ಮಾಡಿ, "ಆ ಅಳತೆಯನ್ನು ಪರಿಶೀಲಿಸಿದ್ದೇವೆ. ಅಳೆಯುವಾಗ ಆದ ತಪ್ಪು ಅಂತ ನಮ್ಮ ತೀರ್ಮಾನ," ಎಂದೆ.

ಪರದೆಯ ಒಂದು ಮೂಲೆಯಲ್ಲಿ ಅವರ ಮುಖ ಇನ್ನೂ ಕಾಣುತ್ತಿತ್ತು. ಕೋಪ ಇರಲಿಲ್ಲ. ನನ್ನನ್ನು ನೋಡುವ ಬದಲು ಕೆಳಗೆ, ಮೇಜಿನ ಮೇಲೆ ಏನನ್ನೋ ನೋಡಿದರು. ಆಮೇಲೆ ಕ್ಯಾಮೆರಾ ಆಫ್ ಆಯಿತು. ಕುದುರೆ ಸಾಕಿದ ಆ ಹೆಂಗಸೂ ಅಲ್ಲಿದ್ದರು. "ಹಾಗಾದ್ರೆ ನನ್ನ ಬಾವಿಗೆ ಏನೂ ಆಗೋದಿಲ್ಲ?" ಎಂದು ಕೇಳಿದರು. ನಮ್ಮ ಲೆಕ್ಕದ ಪ್ರಕಾರ ಇಲ್ಲ ಎಂದೆ. ಪರವಾನಗಿ ಸಿಕ್ಕಿತು. ನನ್ನ ವೀಸಾವೂ ಆಯಿತು.

ರೆಸಾರ್ಟ್ ನೀರೆತ್ತಲು ಶುರುಮಾಡಿ ಒಂದು ಬೇಸಿಗೆಯೂ ಕಳೆದಿರಲಿಲ್ಲ, ಆ ಹೆಂಗಸಿನ ಪಂಪು ಗಾಳಿ ಎಳೆಯತೊಡಗಿತು. ಅವರು ಪರವಾನಗಿ ಕಚೇರಿಗೆ ದೂರು ಕೊಟ್ಟರು. ದೂರಿನ ಜೊತೆ ತಿಂಗಳು ತಿಂಗಳಿನ ಅಳತೆಗಳ ಪಟ್ಟಿ ಇತ್ತು. ಒಂದು ತಿಂಗಳೂ ತಪ್ಪಿಲ್ಲ. ವಿಚಾರಣೆ ಮುಗಿದ ಮರುವಾರದಿಂದಲೇ ಅಂಕಲ್ ಸೆರಿಟೋಸ್‌ನಿಂದ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿ, ತಮ್ಮದೇ ಟೇಪಿನಿಂದ ಆ ಬಾವಿಯನ್ನು ಅಳೆದು ಬರುತ್ತಿದ್ದರು. ಬಾವಿ ಒಣಗುವ ತನಕ ಇದು ನಮ್ಮ ಕಂಪನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀರು ನಿಂತ ಮೇಲೆ ಪ್ರತಿ ಸಲವೂ ಕುದುರೆಗೆಂದು ನಾಲ್ಕು ದೊಡ್ಡ ಕ್ಯಾನುಗಳಲ್ಲಿ ನೀರು ಒಯ್ಯುತ್ತಿದ್ದರಂತೆ.

ಲೆಕ್ಕವನ್ನು ಮತ್ತೆ ಮಾಡಿ ಎಂದು ಕಚೇರಿ ಹೇಳಿತು. ಮ್ಯಾನೇಜರ್ ಆ ಕೆಲಸವನ್ನು ನನಗೇ ಕೊಟ್ಟರು. ನನಗೆ ಅಂಕಲ್‌ರ ಪೂರ್ತಿ ಅಳತೆಗಳು ಬೇಕಿದ್ದವು. ಮೂರು ದಿನ ಫೋನ್ ಕೈಗೆತ್ತಿಕೊಂಡು ಇಟ್ಟೆ. ಕೊನೆಗೆ ಮಾಡಿದಾಗ ಒಂದೇ ರಿಂಗಿಗೆ ಎತ್ತಿದರು.

"ಬಾಮ್ಮ, ಮನೆಗೇ ಬಾ. ಫೋನಲ್ಲಿ ಇದೆಲ್ಲ ಆಗಲ್ಲ."

ಸೆರಿಟೋಸ್‌ನ ಅವರ ಮನೆಯ ಹಿತ್ತಲಿನಲ್ಲಿ ಕೂತೆವು. ಅವರು ಸೊರಗಿದ್ದರು. ಆಗಲೇ ಚಿಕಿತ್ಸೆ ನಡೆಯುತ್ತಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು. ನಾನು ಧೈರ್ಯ ಮಾಡಿ, "ಅಂಕಲ್, ಆ ಮೆಮೊದಲ್ಲಿ ನಾನು..." ಎಂದೆ.

"ಟೀ ಆರೋಗುತ್ತೆ, ಮೊದ್ಲು ಕುಡಿ," ಎಂದರು.

ಟೀ ಕುಡಿದೆ. ಕುಡಿದ ಮೇಲೆ ಆ ಮಾತನ್ನು ಮತ್ತೆ ಎತ್ತಬಹುದಿತ್ತು. ಅವರು ಅದಕ್ಕಾಗಿ ಕಾಯುತ್ತಿದ್ದರೋ ಏನೋ. ನನಗಾದರೋ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು. ಬಿಡಿಸಿಕೊಂಡೆ ಎಂಬ ಸಮಾಧಾನ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಅವರು ನೋಟ್‌ಬುಕ್ ತಂದುಕೊಟ್ಟರು. ಸೀಳಿನ ಲೆಕ್ಕ ಯಾಕೆ ನಿಲ್ಲಲಿಲ್ಲ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಯೋಚಿಸಿ, "ಅದಕ್ಕೆ ದಪ್ಪ ಯಾಕೆ ಕೊಡ್ತೀಯ? ಎರಡು ತುಂಡಿನ ಮಧ್ಯೆ ಒಂದು ಹಾಳೆ ಇಟ್ಟ ಹಾಗೆ ಇಡು. ಹಾಳೆ ಒಳಗೇ ನೀರು ಹರೀಲಿ. ಹಾಗೆ ಮಾಡೋಕಾಗಲ್ವಾ ನಿಮ್ಮ ಸಾಫ್ಟ್‌ವೇರಲ್ಲಿ?" ಎಂದರು. ಆಗುತ್ತಿತ್ತು. ಎಂ.ಎಸ್.ನಲ್ಲಿ ನಾನು ಓದಿದ್ದ ಪಾಠವೇ ಅದು. ಗಡುವಿನ ಗಡಿಬಿಡಿಯಲ್ಲಿ ಅದನ್ನು ಮಾಡಿ ನೋಡುವ ತಾಳ್ಮೆ ನನಗಿರಲಿಲ್ಲ. ಈಗ ಮೂರೇ ದಿನದಲ್ಲಿ ಲೆಕ್ಕ ನಿಂತಿತು. ಆ ಹೆಂಗಸಿನ ಬಾವಿಯ ಅಳತೆಗಳ ಮೇಲೆ ಮಾಡೆಲ್‌ನ ಗೆರೆ ಒಪ್ಪವಾಗಿ ಕೂತಿತು, ಕೈತಪ್ಪು ಎಂದು ನಾನು ಬರೆದಿದ್ದ ಆ ನಲವತ್ತಾರು ಪಾಯಿಂಟ್ ಎರಡರ ಮೇಲೂ.

ಸೀಳಿನ ಮೇಲಿದ್ದ ಬೋರ್‌ವೆಲ್ ಮುಚ್ಚಿಸಿದರು. ಮುಂದಿನ ಮಳೆಗಾಲ ಚೆನ್ನಾಗಿ ಆಗಿ, ಆಕೆಯ ಬಾವಿಗೆ ನೀರು ಬಂತು. ಬಾವಿಯ ಮಟ್ಟಿಗೆ ಕಥೆ ಸುಖಾಂತ್ಯ.

ನನ್ನ ಮಟ್ಟಿಗೆ ಅಲ್ಲ. ಹೊಸ ವರದಿಯ ಎರಡನೇ ಪುಟದಲ್ಲಿ, ಅಳತೆ ಮಾಡಿದವರು ಯಾರು ಎಂದು ಬರೆಯುವ ಒಂದು ಜಾಗ ಇರುತ್ತದೆ. ಈ ಸಲ ಗಡುವು ಇರಲಿಲ್ಲ, ವೀಸಾದ ಚಿಂತೆ ಇರಲಿಲ್ಲ, ಯಾರೂ ಏನೂ ಹೇಳಿರಲಿಲ್ಲ. ಅವರ ಹೆಸರು ಬರೆದರೆ ಹಳೆಯ ಮೆಮೊ ಮೇಲೆ ಬರುತ್ತದೆ, ಅದರ ಹಿಂದೆ ನಾನು ಬರುತ್ತೇನೆ. ಮೂರನೇ ವ್ಯಕ್ತಿಯಿಂದ ಪಡೆದ ಮಾಹಿತಿ ಎಂದು ಟೈಪ್ ಮಾಡಿದೆ. ವರದಿಯ ಒಂದು ಪ್ರತಿಯನ್ನು ಅವರಿಗೂ ಕಳಿಸಿದೆ. "ಹಾಳೆ ಚೆನ್ನಾಗಿ ಕೂತಿದೆ. ಶಾಭಾಷ್," ಎಂದು ಮೆಸೇಜ್ ಬಂತು.

ಅದಾದ ಎರಡನೇ ವರ್ಷಕ್ಕೆ ಅವರು ಹೋದರು. ಸುದ್ದಿ ತಿಳಿದದ್ದು ಮಣ್ಣಾದ ಮೇಲೆ. ಒಂದು ವಾರ ಬಿಟ್ಟು ಮನೆಗೆ ಹೋದೆ. ಆಂಟಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ನ ಬಗ್ಗೆ ಎಷ್ಟು ಹೇಳೋರು ಗೊತ್ತಾ? ನಮ್ಮ ತುಮಕೂರಿನ ಹುಡುಗಿ, ನೇಯ್ಗೆಯವರ ಹಾಗೆ ಕೆಲಸ ಮಾಡ್ತಾಳೆ ಅಂತ," ಎಂದರು. ಮೆಮೊ, ವಿಚಾರಣೆ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಅಂಕಲ್ ಮನೆಯಲ್ಲಿ ಹೇಳೇ ಇರಲಿಲ್ಲ.

ಒಳಗೆ ಅವರ ಮೊಮ್ಮಗಳು ಕೂತಿದ್ದಳು. ಹದಿನಾಲ್ಕು ಹದಿನೈದು ವರ್ಷ. ಆಂಟಿ ಅವಳಿಗೆ, "ಇವರನ್ನ ಕೇಳು, ದಾದಾ ಏನ್ ಕೆಲಸ ಮಾಡ್ತಿದ್ರು ಅಂತ," ಎಂದು ಹೇಳಿ ಟೀ ಮಾಡಲು ಹೋದರು. ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತು ಮಾತ್ರ ಇಂಗ್ಲಿಷು. ನಾನು ಬಂಡೆ, ಬಿರುಕು, ಆ ಬಾವಿ ಎಲ್ಲ ಹೇಳಿದೆ. ಯಾಕೋ ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ಅಳತೆ ಓದಿದ್ದು ನಾನು, ಅದನ್ನು ತಪ್ಪು ಎಂದದ್ದೂ ನಾನು, ಅವರ ಹೆಸರಿನ ಮೇಲೆ ಹಾಕಿದ್ದೂ ನಾನು ಎಂದು ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ಆಂಟಿಯ ಲೋಟಗಳ ಸದ್ದು ನಿಂತಿತ್ತು. ಕೇಳಿಸಿಕೊಂಡರೆಂದು ಕಾಣುತ್ತದೆ.

"ಈಗಲೂ ಅದು ಹಾಗೇ ಇದೆಯಾ, ಫೈಲ್‌ನಲ್ಲಿ?" ಎಂದು ಹುಡುಗಿ ಕೇಳಿದಳು.

"ಇದೆ."

"ಯಾಕೆ?"

ಆಂಟಿ ಟೀ ತಂದರು. ನನ್ನ ಮುಂದೆ ಇಟ್ಟರು, ಸಕ್ಕರೆ ಸಾಕಾ ಎಂದು ಕೇಳಿದರು. ಆದರೆ ಹೊರಡುವಾಗ ಬಾಗಿಲ ತನಕ ಬರಲಿಲ್ಲ. ಅವರು ನನ್ನ ಜೊತೆ ಮತ್ತೆ ಮೊದಲಿನ ಹಾಗೆ ಮಾತಾಡಲು ಕೆಲವು ತಿಂಗಳು ಬೇಕಾಯಿತು.

ಆ ವಾರವೇ ಪರವಾನಗಿ ಕಚೇರಿಗೆ ಒಂದು ಪುಟದ ಪತ್ರ ಬರೆದೆ. ಆ ದಿನದ ಅಳತೆ ಸರಿಯಾಗಿತ್ತು, ಅದನ್ನು ಮೂರು ಸಲ ಓದಿ ಬರೆದವಳು ನಾನು, ತಪ್ಪು ಎಂದು ಹೇಳಿದಾಗ ಅದು ತಪ್ಪಲ್ಲ ಎಂದು ನನಗೆ ಗೊತ್ತಿತ್ತು, ನಂತರದ ಅಳತೆಗಳೆಲ್ಲ ಇಂಥವರದು ಎಂದು. ಅವರ ಪೂರ್ತಿ ಹೆಸರು ಬರೆದೆ. ಮ್ಯಾನೇಜರ್‌ಗೂ ಒಂದು ಪ್ರತಿ ಕಳಿಸಿ, ಕೆಲಸ ಹೋದರೆ ಏನು ಮಾಡುವುದು ಎಂದು ಅಪಾರ್ಟ್‌ಮೆಂಟಿನ ಬಾಡಿಗೆ ಕರಾರು ತೆಗೆದು ಓದುತ್ತಾ ಕೂತೆ.

ಕಚೇರಿಯವರು, ಪತ್ರ ತಲುಪಿದೆ, ಫೈಲಿಗೆ ಸೇರಿಸಿದ್ದೇವೆ ಎಂದು ಎರಡು ಸಾಲು ಬರೆದರು. ಮ್ಯಾನೇಜರ್ ಮಧ್ಯಾಹ್ನ ಫೋನ್ ಮಾಡಿದರು.

"ಓದಿದೆ," ಎಂದರು. "ಅಳತೆ ಸರಿಯಿದೆ ಅಂತ ಆವತ್ತೇ ನನಗೆ ಹೇಳಿದ್ದರೆ ಆ ಷರತ್ತು ಹಾಕಿಬಿಡ್ತಿದ್ದೆ. ತಿಂಗಳಿಗೊಂದು ಅಳತೆ, ಅದೇನು ದೊಡ್ಡ ವಿಷಯ?" ಆಮೇಲೆ, "ಆ ಪೊಮೊನಾ ಪ್ರಾಜೆಕ್ಟಿನ ಡ್ರಾಯಿಂಗ್‌ಗಳು ಗುರುವಾರಕ್ಕೆ ಸಿಗುತ್ತವಾ?" ಎಂದರು.

ಸಿಗುತ್ತವೆ ಎಂದೆ. ಫೋನ್ ಇಟ್ಟರು. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ.